ಯಾರು ಎಲ್ಲಿ ತಡೆಯುತ್ತಾರೆ: ನಮ್ಮ ಕ್ರೈಸ್ತ ವಿನ್ಯಾಸ ಸಂಸ್ಥೆಯ ತಂಡವನ್ನು ಪರಿಚಯಿಸಿದ ಬಗೆ

ನಮ್ಮ ಗ್ರಾಫಿಕ್ ಡಿಸೈನ್ ಸಂಸ್ಥೆಯನ್ನು ಪರಿಚಯಿಸಲು ಮೊದಲ ಸಲ ಅಚ್ಚು ಹಾಕಿಸಿದ ಕರಪತ್ರವನ್ನು ನಾನೇ ಬರೆದಿದ್ದೆ. ನಾಲ್ಕು ಪುಟ. ಮುಖಪುಟದಲ್ಲಿ ಪಾರಿವಾಳ, ಒಳಗೆ ತಂಡದ ಐವರ ಭಾವಚಿತ್ರಗಳು. ನಾಲ್ವರ ಚಿತ್ರದ ಕೆಳಗೆ ಅವರವರು ಯೇಸುವನ್ನು ಅರಿತ ಬಗೆಯ ಸಾಕ್ಷಿ, ಐದನೆಯವರು ಕ್ರೈಸ್ತರಲ್ಲದ ಕಾರಣ ಅವರ ಚಿತ್ರದ ಕೆಳಗೆ ‘ತಾಂತ್ರಿಕ ನೆರವು’ ಎಂಬ ಎರಡೇ ಪದ. ಹಿಂಬದಿಯಲ್ಲಿ ವಿಮೋಚನಕಾಂಡ 31ನೇ ಅಧ್ಯಾಯದ ಬೆಚಲೇಲ, ಆರಾಧನೆಯ ಗುಡಾರದ ಕೆಲಸಕ್ಕಾಗಿ ದೇವರಾತ್ಮನಿಂದ ಜ್ಞಾನವನ್ನೂ ಕುಶಲತೆಯನ್ನೂ ಪಡೆದವನು. ಕ್ರೈಸ್ತ ವಿನ್ಯಾಸಕಾರರು ಒಂದಲ್ಲ ಒಂದು ದಿನ ಬೆಚಲೇಲನನ್ನು ಎಳೆದು ತರುತ್ತಾರೆ, ನಾವೂ ತಂದಿದ್ದೆವು.

ಅದನ್ನು ಓದಿದ ಚರ್ಚೊಂದರ ಸಭಾಪಾಲಕರು ಫೋನ್ ಮಾಡಿ, “ನಿಮ್ಮ ಸಾಕ್ಷಿಗಳನ್ನು ಓದಿ ಸಂತೋಷವಾಯಿತು. ಆದರೆ ನಮ್ಮ ಆರಾಧನಾ ಕ್ರಮದ ಪುಸ್ತಕದಲ್ಲಿ ತಪ್ಪು ಕಂಡರೆ ಈ ಐವರಲ್ಲಿ ನಾನು ಕೇಳಬೇಕಾದದ್ದು ಯಾರನ್ನು?” ಎಂದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಾಲ್ಕು ಪುಟ ಬರೆದಿದ್ದೆ, ಯಾರು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಮತ್ತೆ ಬರೆಯಲು ಕುಳಿತಾಗ ಹಳೆಯ ಕೆಲಸಗಳ ಕಡತಗಳನ್ನೆಲ್ಲ ಹೊರಗೆ ತೆಗೆದು, ತಪ್ಪಾದ ಕೆಲಸಗಳನ್ನೂ ತಪ್ಪಾಗುವುದರಲ್ಲಿದ್ದು ಉಳಿದುಕೊಂಡ ಕೆಲಸಗಳನ್ನೂ ಬೇರೆ ಮಾಡಿ, ಪ್ರತಿಯೊಂದರ ಮೇಲೆ ಆ ತಪ್ಪನ್ನು ಕಂಡುಹಿಡಿದವರು ಯಾರೆಂದು ಗುರುತು ಹಾಕಿದೆ. ತಂಡದ ಪರಿಚಯ ಆ ಕಡತಗಳಲ್ಲೇ ಇತ್ತು. ಹುದ್ದೆಯ ಹೆಸರುಗಳನ್ನು ಬಿಟ್ಟು, ಯಾವ ಬಗೆಯ ತಪ್ಪು ಕಂಡಾಗ ಯಾರಿಗೆ ಕೆಲಸವನ್ನೇ ನಿಲ್ಲಿಸುವ ಅಧಿಕಾರವಿದೆ ಎಂದು ಬರೆದರೆ ಗಿರಾಕಿಗಳಿಗೆ ಉಪಯೋಗ, ನಮಗೂ ಒಂದು ಕಟ್ಟುಪಾಡು ಎಂದು ಅನ್ನಿಸಿತು.

ಹೆಚ್ಚಿನ ಕಡತಗಳ ಮೇಲೆ ಬಿದ್ದ ಗುರುತು ನಮ್ಮ ಕರಡು ತಿದ್ದುವವರದು. ಅವರು ನಿವೃತ್ತ ಶಿಕ್ಷಕಿ. ಪರದೆಯ ಮೇಲೆ ಓದುವುದಿಲ್ಲ. ಕಾಗದದ ಮೇಲೆ ಕೊಟ್ಟರೆ ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು ಓದುತ್ತಾರೆ. ವಚನದ ಪದಗಳು ಸರಿಯಿವೆಯೇ, ಅಧ್ಯಾಯದ ಸಂಖ್ಯೆ ಸರಿಯಿದೆಯೇ ಎಂದು ನೋಡುವಷ್ಟಕ್ಕೆ ಅವರ ಕೆಲಸ ನಿಲ್ಲುವುದಿಲ್ಲ. ಒಮ್ಮೆ ಮದುವೆಯ ಆಮಂತ್ರಣಕ್ಕೆಂದು ಮನೆಯವರು ಆದಿಕಾಂಡ 31:49 ಅನ್ನು ಆರಿಸಿ ಕಳುಹಿಸಿದ್ದರು. ನಾವು ಒಬ್ಬರಿಗೊಬ್ಬರು ಮರೆಯಾಗಿರುವಾಗ ಕರ್ತನು ನಮ್ಮಿಬ್ಬರ ನಡುವೆ ನೋಡುತ್ತಿರಲಿ ಎಂಬ ಅರ್ಥದ ಮಾತದು. ಕಿವಿಗೆ ಇಂಪಾಗಿಯೇ ಇದೆ. ಬಂಗಾರದ ಬಣ್ಣದಲ್ಲಿ ಅಚ್ಚಾಗಲು ಸಿದ್ಧವೂ ಆಗಿತ್ತು. ಅವರು ಕರಡಿನ ಅಂಚಿನಲ್ಲಿ “ಇದು ಪ್ರೀತಿಯ ಮಾತಲ್ಲ, ಅಪನಂಬಿಕೆಯ ಮಾತು” ಎಂದು ಬರೆದು ಹಿಂದಿರುಗಿಸಿದರು. ಅದನ್ನು ಆಡಿದವನು ಲಾಬಾನ. ಹೇಳದೆ ಕೇಳದೆ ಹೊರಟುಹೋದ ಅಳಿಯ ಯಾಕೋಬನನ್ನು ಬೆನ್ನಟ್ಟಿ ಬಂದು, ಕಲ್ಲುಗುಡ್ಡೆ ಒಟ್ಟಿಸಿ, ಕೇಡು ಮಾಡುವುದಕ್ಕಾಗಿ ನೀನೂ ಇದನ್ನು ದಾಟಬೇಡ, ನಾನೂ ದಾಟುವುದಿಲ್ಲ ಎಂದು ಗಡಿ ಹಾಕಿಕೊಂಡ ಸಂದರ್ಭ ಅದು. ಮನೆಯವರಿಗೆ ಇದನ್ನು ತಿಳಿಸಿದಾಗ ಮೊದಲು ಸಪ್ಪಗಾದರು, ಆಮೇಲೆ ನಕ್ಕು ಬೇರೆ ವಚನ ಕೊಟ್ಟರು.

ಯೆರೆಮೀಯ 29:11ರ ವಿಷಯದಲ್ಲಿ ನಮ್ಮೊಳಗೆ ಇಂದಿಗೂ ಚರ್ಚೆ ನಡೆಯುತ್ತದೆ. ನಿಮಗೆ ಕೇಡನ್ನಲ್ಲ, ಒಳ್ಳೆಯ ಭವಿಷ್ಯವನ್ನು ಯೋಚಿಸಿದ್ದೇನೆ ಎಂದು ದೇವರು ಹೇಳುವ ಮಾತದು. ಪದವಿ ಪಡೆದವರಿಗೆ ಕೊಡುವ ಅಭಿನಂದನಾ ಪತ್ರಗಳಲ್ಲಿ ಅದನ್ನು ಕೇಳದವರೇ ಕಡಿಮೆ. ಆದರೆ ಅದರ ಹಿಂದಿನ ವಚನದಲ್ಲೇ ಬಾಬೆಲಿನ ಸೆರೆಯಲ್ಲಿ ಕಳೆಯಬೇಕಾದ 70 ವರ್ಷಗಳ ಮಾತಿದೆ. ಇದನ್ನು ಅವರು ತಡೆಯುವುದಿಲ್ಲ. ವಚನದ ಅರ್ಥ ತಲೆಕೆಳಗಾದರೆ ಕೆಲಸ ನಿಲ್ಲುತ್ತದೆ, ಅರ್ಥ ಕಿರಿದಾದರೆ ಗಿರಾಕಿಗೆ ಒಂದು ಸಾಲು ಬರೆದು ತಿಳಿಸುತ್ತೇವೆ ಎಂಬುದು ನಾವು ಮಾಡಿಕೊಂಡ ಒಪ್ಪಂದ.

ನಾನೇ ಮಾಡಿದ ಒಂದು ತಪ್ಪನ್ನೂ ಅವರೇ ಹಿಡಿದರು. ಒಂದು ಬ್ಯಾನರಿನಲ್ಲಿ ಶಾಂತಿ ಎಂಬ ಅರ್ಥದ ‘ಶಾಲೋಮ್’ ಪದವನ್ನು ಇಬ್ರಿಯ ಲಿಪಿಯಲ್ಲಿ ಹಾಕಿದ್ದೆ. ಆ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ, ಇಂಥ ಲಿಪಿಗಳನ್ನು ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳದೆ ಪದವನ್ನು ತಂದು ಅಂಟಿಸಿದ್ದರಿಂದ ಅಕ್ಷರಗಳು ಹಿಂದುಮುಂದಾಗಿ ಕುಳಿತವು. ಅವರಿಗೆ ಇಬ್ರಿಯ ಭಾಷೆ ಬಾರದು, 22 ಅಕ್ಷರಗಳ ಪರಿಚಯವಷ್ಟೇ ಇದೆ. ಆದರೂ ಪದದ ಕೊನೆಗೆ ಮಾತ್ರ ಬರುವ ಮುಚ್ಚಿದ ಚೌಕಾಕಾರದ ‘ಮೇಮ್’ ಬಲತುದಿಯಲ್ಲಿ ಬಂದು ನಿಂತದ್ದನ್ನು ನೋಡಿದೊಡನೆ ಗುರುತಿಸಿದರು. ಅದೇ ರೀತಿ ಅಂತ್ಯಕ್ರಿಯೆಯ ಸ್ಮರಣಪತ್ರವೊಂದರಲ್ಲಿ ‘ಕೀರ್ತನೆ 22’ ಎಂದಿದ್ದು, ಕೆಳಗೆ ಕುರುಬನ ಕೀರ್ತನೆಯ ಸಾಲುಗಳಿದ್ದಾಗ, ನಾನು ಸಂಖ್ಯೆಯನ್ನು 23 ಎಂದು ತಿದ್ದಲು ಹೊರಟರೆ ಅವರು ಮನೆಯವರನ್ನು ಕೇಳದೆ ಮುಟ್ಟಬೇಡಿ ಎಂದರು. ಗ್ರೀಕ್ ಮತ್ತು ಲ್ಯಾಟಿನ್ ಬೈಬಲುಗಳ ಎಣಿಕೆಯಲ್ಲಿ ಆ ಕೀರ್ತನೆ 22ನೆಯದೇ. ತೀರಿಹೋದವರ ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಹಾಗೆಯೇ ಇತ್ತು.

ಯಾವ ಭಾಷಾಂತರ ಎಂಬ ಪ್ರಶ್ನೆಯೂ ಅವರದೇ. ವಚನ ದೇವರದಾದರೂ ಭಾಷಾಂತರಕ್ಕೆ ಹಕ್ಕುದಾರರಿರುತ್ತಾರೆ ಎಂಬುದನ್ನು ಗಿರಾಕಿಗಳಿಗೆ ವಿವರಿಸುವುದು ಕಷ್ಟ. ಇಂಗ್ಲಿಷಿನ ನ್ಯೂ ಇಂಟರ್‌ನ್ಯಾಷನಲ್ ವರ್ಷನ್‌ನಿಂದ 500 ವಚನಗಳವರೆಗೆ ಲಿಖಿತ ಅನುಮತಿಯಿಲ್ಲದೆ ಬಳಸಬಹುದು. ಆದರೆ ಅವು ಬೈಬಲಿನ ಒಂದು ಇಡೀ ಪುಸ್ತಕವಾಗಬಾರದು, ನಮ್ಮ ಪ್ರಕಟಣೆಯ ಪಠ್ಯದಲ್ಲಿ ಶೇಕಡ 25ರಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗವೂ ಆಗಬಾರದು. ಎರಡನೆಯ ಷರತ್ತಿನಲ್ಲೇ ನಾವು ಸಿಕ್ಕಿಬೀಳುವುದು, ಏಕೆಂದರೆ ವಚನ ಕಾರ್ಡುಗಳಲ್ಲಿ ವಚನವನ್ನು ಬಿಟ್ಟು ಬೇರೆ ಪಠ್ಯವೇ ಇರುವುದಿಲ್ಲ. ಆದ್ದರಿಂದ ಮಾರಾಟಕ್ಕಿರುವ ಯಾವುದೇ ಕೆಲಸಕ್ಕೆ ಮೊದಲೇ ಅನುಮತಿ ಕೇಳುತ್ತೇವೆ.

ಚಿತ್ರ ಬರೆಯುವವರು ನಮ್ಮಲ್ಲಿ ಎಲ್ಲರಿಗಿಂತ ಕಿರಿಯರು, ಮಾತು ಕಡಿಮೆ. ಚಿತ್ರಗಳ ಹಕ್ಕು ಮತ್ತು ಸಂಕೇತಗಳು ಅವರ ಪಾಲಿನವು. ಆಲ್ಬ್ರೆಕ್ಟ್ ಡ್ಯೂರರ್ 1508ರಲ್ಲಿ ಬರೆದ ಜೋಡಿಸಿದ ಕೈಗಳ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು. ಗಿರಾಕಿಗಳು ಪದೇ ಪದೇ ತರುವ, ಕಂದು ಹಿನ್ನೆಲೆಯಲ್ಲಿ ಓರೆಯಾಗಿ ನೋಡುವ ಯೇಸುವಿನ ಮುಖವನ್ನು ವಾರ್ನರ್ ಸಾಲ್‌ಮನ್ ಬರೆದದ್ದು 1940ರಲ್ಲಿ, ಅವರು ತೀರಿಕೊಂಡದ್ದು 1968ರಲ್ಲಿ. ಚಿತ್ರ ಎಲ್ಲ ಮನೆಗಳಲ್ಲಿ ಇದೆ ಎಂದ ಮಾತ್ರಕ್ಕೆ ಅದು ಎಲ್ಲರದೂ ಅಲ್ಲ ಎಂದು ಇವರು ಅದನ್ನು ತೆಗೆದಿಟ್ಟು ತಾವೇ ಹೊಸದಾಗಿ ಬರೆಯುತ್ತಾರೆ. ಕೆಲಸ ಬಂದೊಡನೆ ಇವರು ಕೇಳುವ ಮೊದಲ ಪ್ರಶ್ನೆ ಯಾವ ಸಭೆಯದು, ಅಂದರೆ ಯಾವ ಕ್ರೈಸ್ತ ಪಂಗಡದ್ದು ಎಂಬುದು. ಕ್ಯಾಥೊಲಿಕ್ ದೇವಾಲಯಕ್ಕೆ ಯೇಸುವಿನ ದೇಹವಿರುವ ಶಿಲುಬೆ ಸಹಜ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಬರಿಯ ಶಿಲುಬೆಯನ್ನೇ ಬಯಸುತ್ತವೆ. ತಲೆಕೆಳಗಾದ ಶಿಲುಬೆಯನ್ನು, ಹಾಗೆಯೇ ಶಿಲುಬೆಗೇರಿದನೆಂದು ಪರಂಪರೆ ಹೇಳುವ ಸಂತ ಪೇತ್ರನ ಗುರುತಾಗಿ ಹಾಕಿದರೆ ಇತಿಹಾಸದ ದೃಷ್ಟಿಯಿಂದ ತಪ್ಪಿಲ್ಲ, ಆದರೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ, ನಾವು ಹಾಕುವುದಿಲ್ಲ.

ಲೆಕ್ಕ ಮತ್ತು ದಿನಾಂಕಗಳನ್ನು ನೋಡಿಕೊಳ್ಳುವವರಿಗೆ ಕೊಟ್ಟಿರುವ ಅಧಿಕಾರ ಬೇರೆ ಬಗೆಯದು. ಈಸ್ಟರ್ 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತ್ತು, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಅದಕ್ಕೆ 46 ದಿನ ಮೊದಲು ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ದಿನ. ಅಂದರೆ 2027ರಲ್ಲಿ ಫೆಬ್ರುವರಿ 10ಕ್ಕೇ ತಪಸ್ಸುಕಾಲದ ಕೆಲಸಗಳೆಲ್ಲ ಗಿರಾಕಿಗಳ ಕೈಯಲ್ಲಿರಬೇಕು. ಹಿಂದಿನ ವರ್ಷದ ಕಡತವನ್ನು ತೆರೆದು ಅದರ ಮೇಲೆಯೇ ಹೊಸದನ್ನು ಮಾಡುವುದು ಎಲ್ಲ ವಿನ್ಯಾಸಕಾರರ ಅಭ್ಯಾಸ, ಚಲಿಸುವ ಹಬ್ಬಗಳ ವಿಷಯದಲ್ಲಿ ಅದು ಅಪಾಯ. ಈಗ ಪ್ರತಿ ದಿನಾಂಕದ ಎದುರಿಗೆ ಅವರ ಸಹಿ ಬೀಳದೆ ಕಡತ ಮುದ್ರಣಕ್ಕೆ ಹೋಗುವುದಿಲ್ಲ.

ಹಣದ ಮಾತನ್ನೂ ಅವರಿಗೇ ಬಿಟ್ಟಿದ್ದೇನೆ, ನನಗೆ ಇಲ್ಲ ಎನ್ನಲು ಬಾರದ ಕಾರಣ. “ದೇವರ ಕೆಲಸವಲ್ಲವೇ, ಸುಮ್ಮನೆ ಮಾಡಿಕೊಡಿ” ಎಂಬ ಮಾತಿಗೆ ಮೊದಲ ಎರಡು ವರ್ಷ ನಾನು ಕರಗುತ್ತಲೇ ಇದ್ದೆ. ಹಾಗೆ ಒಪ್ಪಿದ ಕೆಲಸ ಕೊನೆಗೆ ತಡವಾಗುತ್ತಿತ್ತು. ತಡವಾದದ್ದಕ್ಕೆ ಅವರಿಗೆ ಬೇಸರ, ಕೇಳಲಾಗದ ಹಣಕ್ಕಾಗಿ ನನಗೆ ಒಳಗೊಳಗೇ ಅಸಮಾಧಾನ. ಕೆಲಸದವನು ತನ್ನ ಕೂಲಿಗೆ ಯೋಗ್ಯನು ಎಂಬುದು ಲೂಕ 10ನೇ ಅಧ್ಯಾಯದಲ್ಲಿ ಸುವಾರ್ತೆ ಸಾರಲು ಹೊರಟವರ ಬಗ್ಗೆಯೇ ಹೇಳಿದ ಮಾತು ಎಂದು ನೆನಪಿಸಿದವರು ಇವರು. ವರ್ಷಕ್ಕೆ ಇಷ್ಟು ಉಚಿತ ಕೆಲಸ ಎಂದು ಮೊದಲೇ ಲೆಕ್ಕ ಹಾಕಿಕೊಂಡು, ಅವುಗಳಿಗೂ ಪೂರ್ತಿ ಮೊತ್ತದ ಬಿಲ್ ಬರೆದು, ಕೆಳಗೆ ಅಷ್ಟನ್ನೂ ಕಾಣಿಕೆಯೆಂದು ಕಳೆದು ತೋರಿಸುತ್ತೇವೆ. ಉಚಿತವಾಗಿ ಪಡೆದವರಿಗೂ ಅದರ ಬೆಲೆ ತಿಳಿಯುತ್ತದೆ. ಉಳಿದ ಕೆಲಸಗಳಿಗೆ ಅರ್ಧ ಹಣ ಮುಂಗಡ, ತಿದ್ದುಪಡಿ ಎರಡು ಸುತ್ತು.

ನನ್ನ ಪಾಲಿಗೆ ಪುಟವಿನ್ಯಾಸದ ಜೊತೆಗೆ ಉಳಿದದ್ದು ಗಿರಾಕಿಗಳೊಡನೆ ಮಾತು. ಸಭೆಯ ಕೆಲಸಕ್ಕೆ ಸಮಿತಿ ಇರುತ್ತದೆ. ಏಳು ಮಂದಿ ಏಳು ಬಣ್ಣ ಹೇಳುತ್ತಾರೆ. ಕೆಲಸ ಶುರುವಾಗುವ ಮೊದಲು, ಅಂತಿಮ ಕರಡಿಗೆ ಸಹಿ ಹಾಕುವ ಒಬ್ಬರ ಹೆಸರನ್ನು ಬರೆದು ಕೊಡುವಂತೆ ಕೇಳುತ್ತೇನೆ. ಇನ್ನು ಬೇರೆ ಸಭೆಯನ್ನೋ ಬೇರೆ ಧರ್ಮವನ್ನೋ ಹೀಯಾಳಿಸುವ ಕರಪತ್ರ, ಬಂದವರಿಗೆಲ್ಲ ಕಾಯಿಲೆ ವಾಸಿಯಾಗುವುದು ಖಂಡಿತ ಎಂಬ ಪೋಸ್ಟರ್, ಇವನ್ನು ಬಾಗಿಲಲ್ಲೇ ತಡೆಯುವುದು ನನ್ನ ಜವಾಬ್ದಾರಿ.

‘ತಾಂತ್ರಿಕ ನೆರವು’ ಎಂದು ನಾನು ಎರಡೇ ಪದ ಬರೆದಿದ್ದವರನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಕಡತಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವವರು ಅವರು. ಸಣ್ಣ ಅಕ್ಷರದ ವಚನಗಳನ್ನು ನಾಲ್ಕು ಶಾಯಿಗಳ ಕಪ್ಪಿನಲ್ಲಿ ಬಿಟ್ಟರೆ ಮುದ್ರಣದ ಫಲಕಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚು ಮಸುಕಾಗುತ್ತದೆ ಎಂದು ಅದನ್ನು ಒಂದೇ ಕಪ್ಪು ಶಾಯಿಗೆ ತರುತ್ತಾರೆ; 18 ಪುಟದ ಆರಾಧನಾ ಕ್ರಮವನ್ನು ನಡುವೆ ಪಿನ್ ಹೊಡೆದು ಕಟ್ಟಲಾಗದು, ಪುಟಗಳು ನಾಲ್ಕರ ಗುಣಕದಲ್ಲಿರಬೇಕು ಎಂದು 20ಕ್ಕೆ ಏರಿಸುವಂತೆ ಹೇಳಿ ಕಳುಹಿಸುತ್ತಾರೆ; ತಪಸ್ಸುಕಾಲದ ನೇರಳೆ ಪರದೆಯ ಮೇಲೆ ಹೊಳೆದಷ್ಟು ಕಾಗದದ ಮೇಲೆ ಹೊಳೆಯುವುದಿಲ್ಲ ಎಂದು ಮಾದರಿ ಹಾಳೆ ತೆಗೆದು ತೋರಿಸುತ್ತಾರೆ. ಇವೆಲ್ಲ ಒಳ್ಳೆಯ ಮುದ್ರಣ ತಜ್ಞರು ಎಲ್ಲಿದ್ದರೂ ಮಾಡುವ ಕೆಲಸಗಳು.

ಆದರೆ ಒಂದು ಸಲ ಶುಭ ಶುಕ್ರವಾರದ ಪತ್ರಕ್ಕೆ ನಾನು ಅಡ್ಡಹಾಳೆಯ ಪೂರ್ತಿ ಅಗಲಕ್ಕೆ ಶಿಲುಬೆಯ ಚಿತ್ರ ಹರಡಿದ್ದೆ. ನಾವು ನಾಲ್ವರೂ ನೋಡಿ ಮೆಚ್ಚಿ ಸಹಿ ಹಾಕಿದ್ದೆವು. ಅವರು ಅದನ್ನು ಕಾಗದಕ್ಕೆ ಇಳಿಸಿ, ನಡುವೆ ಮಡಚಿ, ನನ್ನ ಮೇಜಿನ ಮೇಲಿಟ್ಟು, “ಮಡಿಕೆ ಯೇಸುವಿನ ಮುಖದ ಮೇಲೆಯೇ ಬರುತ್ತದೆ. ಇದನ್ನು ತೆರೆದು ಮುಚ್ಚುವವರಿಗೆ ನೋವಾಗುವುದಿಲ್ಲವೇ?” ಎಂದು ಕೇಳಿದರು. ಹತ್ತಾರು ಸಲ ಬಿಚ್ಚಿ ಮಡಚಿದರೆ ಮಡಿಕೆಯ ಗೆರೆಯಲ್ಲಿ ಶಾಯಿ ಒಡೆದು ಬಿಳಿಯ ಗೀರು ಮೂಡುತ್ತದೆ. ಆ ಗೀರು ಎಲ್ಲಿ ಮೂಡುತ್ತಿತ್ತು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬಣ್ಣ ಹೊಂದಿಸುವಾಗ ಹಾಳಾದ ಹಾಳೆಗಳನ್ನು ಮುದ್ರಣಾಲಯಗಳಲ್ಲಿ ಯಂತ್ರ ಒರೆಸಲು, ಕಟ್ಟು ಸುತ್ತಲು ಬಳಸುವುದು ವಾಡಿಕೆ. ಯೇಸುವಿನ ಚಿತ್ರವೋ ವಚನವೋ ಇರುವ ಹಾಳೆಗಳನ್ನು ಬೇರೆ ಎತ್ತಿಟ್ಟು ಹಿಂದಿರುಗಿಸುವಂತೆ ಮುದ್ರಕರಿಗೆ ಹೇಳುವ ಕ್ರಮವನ್ನು ಹಾಕಿದವರೂ ಅವರೇ. ನಮ್ಮ ಬರಹದಲ್ಲಿ ಸಭೆಯ ಹೊರಗಿನವರಿಗೆ ಅರ್ಥವಾಗದ ಪದ ಬಂದರೆ ಮೊದಲು ತಡೆಯುವುದೂ ಅವರ ಕಣ್ಣೇ, ಏಕೆಂದರೆ ನಮಗೆ ಆ ಪದಗಳು ಅಭ್ಯಾಸದಿಂದ ಕಾಣದೇ ಹೋಗುತ್ತವೆ. ಬೆಚಲೇಲನ ಬಗ್ಗೆ ಅಷ್ಟು ಬರೆದ ನಾನು, ಅದೇ ಅಧ್ಯಾಯದ 6ನೇ ವಚನದಲ್ಲಿ ಅವನ ಜೊತೆಗೆ ನೇಮಕವಾದ ಒಹೊಲೀಯಾಬನ ಹೆಸರನ್ನೇ ಬಿಟ್ಟಿದ್ದೆ ಎಂಬುದು ಆಗ ಗಮನಕ್ಕೆ ಬಂತು.

ಹೊಸ ಕರಪತ್ರದಲ್ಲಿ ಪಾರಿವಾಳವಿಲ್ಲ. ಸಾಕ್ಷಿಗಳನ್ನು ತೆಗೆದುಹಾಕುವಾಗ ಇಬ್ಬರಿಗೆ ಬೇಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕೇಳಿದವರಿಗೆ ಬಾಯಲ್ಲಿ ಹೇಳೋಣ ಎಂದು ಸಮಾಧಾನ ಮಾಡಿಕೊಂಡೆವು. ಐದು ಚಿತ್ರಗಳ ಕೆಳಗೆ ‘ಇವರನ್ನು ಯಾವುದಕ್ಕೆ ಕೇಳಬೇಕು, ಇವರು ಯಾವುದನ್ನು ತಡೆಯುತ್ತಾರೆ’ ಎಂದು ಎರಡೆರಡು ವಾಕ್ಯ, ಅವರವರೇ ಬರೆದದ್ದು. ವಚನಗಳ ಸಂಖ್ಯೆ, ಚಿತ್ರಗಳ ಹಕ್ಕು, ದಿನಾಂಕಗಳು, ಎಲ್ಲಕ್ಕೂ ಸಹಿ ಬಿದ್ದ ಮೇಲೆ ಕಡತ ಐದನೆಯವರ ಮೇಜಿಗೆ ಹೋಯಿತು. ಸಂಜೆ ಅದು ಒಂದು ಚೀಟಿಯೊಡನೆ ಹಿಂದಿರುಗಿತು: “ಮಡಿಕೆ ನಿಮ್ಮ ಮುಖದ ಮೇಲೆ ಬರುತ್ತದೆ. ಫೋಟೋವನ್ನು ಎಡಕ್ಕೆ ಸರಿಸಿ ಕೊಡಿ.”