ಸೌತ್‌ವೆಸ್ಟ್ ವಿಮಾನ ಹತ್ತುವ ಮುನ್ನ: ಸೀಟಿನ ಲೆಕ್ಕ ಬೇರೆ, ಪಾಳಿಯ ಲೆಕ್ಕ ಬೇರೆ

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವುದು ನಮ್ಮೂರಿನಲ್ಲಿ ಎಲ್ಲರೂ ಬಲ್ಲ ವಿದ್ಯೆ. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಐವತ್ತಕ್ಕೂ ಹೆಚ್ಚು ವರ್ಷ ವಿಮಾನವನ್ನೇ ಈ ಲೆಕ್ಕದಲ್ಲಿ ಓಡಿಸಿತು. ಟಿಕೆಟಿನಲ್ಲಿ ಸೀಟು ನಂಬರ್ ಇರುತ್ತಿರಲಿಲ್ಲ. ಯಾರು ಮೊದಲು ಒಳಗೆ ಹೋಗುತ್ತಾರೋ ಅವರಿಗೆ ಬೇಕಾದ ಸೀಟು. ಇದನ್ನೇ ಓಪನ್ ಸೀಟಿಂಗ್ ಎನ್ನುತ್ತಿದ್ದರು. 2026ರ ಜನವರಿ 27ರಿಂದ ಆ ಪದ್ಧತಿ ನಿಂತಿದೆ. ಈಗ ಪ್ರತಿಯೊಬ್ಬರಿಗೂ ಸೀಟು ನಂಬರ್ ಸಿಗುತ್ತದೆ.

ಪದ್ಧತಿ ಹೋದರೂ ಹಳೆಯ ಸಲಹೆಗಳು ಹೋಗಿಲ್ಲ. ‘ಸರಿಯಾಗಿ 24 ಗಂಟೆ ಮೊದಲು ಚೆಕ್-ಇನ್ ಮಾಡಿಬಿಡಿ, ಮೊದಲು ಹತ್ತುವ ಎ ಗುಂಪು ಸಿಕ್ಕಿದರೆ ಗೆದ್ದಂತೆ’ ಎಂಬ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಹಳೆಯ ಯೂಟ್ಯೂಬ್ ವಿಡಿಯೊಗಳಲ್ಲಿ ಇನ್ನೂ ಸುತ್ತುತ್ತಿದೆ. ಮಕ್ಕಳನ್ನು ನೋಡಲು ಹೋಗಿ ಡಲ್ಲಾಸ್‌ನಿಂದ ಫೀನಿಕ್ಸ್‌ಗೋ ಸ್ಯಾನ್ ಹೋಸೆಗೋ ಹಾರುವ ಅಪ್ಪ ಅಮ್ಮಂದಿರು ಈ ಸಲಹೆ ನಂಬಿದರೆ ಗೇಟಿನಲ್ಲಿ ಗಲಿಬಿಲಿಯಾಗುತ್ತದೆ. ಹಾಗಾಗಿ ಹಳೆಯದು ಹೇಗಿತ್ತು, ಅದರಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಪಾಳಿಯೇ ಸೀಟಾಗಿದ್ದ ಕಾಲ

ಸೌತ್‌ವೆಸ್ಟ್ ಹಾರಾಟ ಶುರುವಾದದ್ದು 1971ರ ಜೂನ್ 18ರಂದು, ಡಲ್ಲಾಸ್‌ನ ಲವ್ ಫೀಲ್ಡ್ ನಿಲ್ದಾಣದಿಂದ. ಮರುವರ್ಷ ಹಣದ ಮುಗ್ಗಟ್ಟಿನಿಂದ ತನ್ನ ನಾಲ್ಕು ಬೋಯಿಂಗ್ 737ಗಳಲ್ಲಿ ಒಂದನ್ನು ಮಾರಬೇಕಾಯಿತು. ನಾಲ್ಕು ವಿಮಾನದ ವೇಳಾಪಟ್ಟಿಯನ್ನು ಮೂರರಲ್ಲೇ ತೂಗಿಸಲು ಕಂಪನಿ ಹಿಡಿದ ದಾರಿ, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಿಸುವುದು. ಸೀಟು ನಂಬರ್ ಇಲ್ಲದಿದ್ದರೆ ಯಾರೂ ‘ಇದು ನನ್ನ ಸೀಟು’ ಎಂದು ನಿಂತು ವಾದಿಸುವುದಿಲ್ಲ. ಮುಂದಿನವರು ಬ್ಯಾಗ್ ಏರಿಸುತ್ತಿದ್ದರೆ ಹಿಂದಿನವರು ಅಲ್ಲೇ ಖಾಲಿ ಇರುವ ಸಾಲಿಗೆ ನುಗ್ಗುತ್ತಾರೆ. ಹತ್ತಿಸುವ ಕೆಲಸ ಬೇಗ ಮುಗಿಯುತ್ತದೆ, ವಿಮಾನ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ನೆಲದಲ್ಲಿ ನಿಂತ ವಿಮಾನ ದುಡಿಯುವುದಿಲ್ಲ ಎಂಬುದು ಈ ಉದ್ಯಮದ ಮೂಲಪಾಠ. ನಮ್ಮ ಬೆಂಗಳೂರಿನಿಂದಲೇ 2003ರಲ್ಲಿ ಹೊರಟ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕೂಡ ಸೀಟು ನಂಬರ್ ಕೊಡದೆ ಜನರನ್ನು ಹತ್ತಿಸುತ್ತಿತ್ತು.

2007ರ ನವೆಂಬರ್‌ನಿಂದ ಸೌತ್‌ವೆಸ್ಟ್ ಬೋರ್ಡಿಂಗ್ ಪಾಸ್‌ನಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಬರತೊಡಗಿತು. ಎ 1ರಿಂದ 60, ಬಿ 1ರಿಂದ 60, ಉಳಿದವರು ಸಿ. ಗೇಟಿನ ಬಳಿ ಐದೈದು ಸಂಖ್ಯೆಗೊಂದರಂತೆ ಕಂಬ. ನಿಮ್ಮದು ಬಿ 27 ಆದರೆ 26–30 ಎಂದು ಬರೆದ ಕಂಬದ ಪಕ್ಕ, 26ರವರ ಹಿಂದೆ, 28ರವರ ಮುಂದೆ ನಿಲ್ಲಬೇಕು. ಎ 1ರಿಂದ 15 ದುಬಾರಿ ಟಿಕೆಟಿನವರಿಗೆ ಮತ್ತು ಗೇಟಿನಲ್ಲಿ ಹೆಚ್ಚುವರಿ ಹಣ ಕೊಟ್ಟವರಿಗೆ ಮೀಸಲು. ಅರ್ಲಿಬರ್ಡ್ ಎಂಬ ಹೆಚ್ಚುವರಿ ಸೌಲಭ್ಯ ಕೊಂಡವರಿಗೆ 36 ಗಂಟೆ ಮೊದಲೇ ಕಂಪ್ಯೂಟರೇ ಪಾಳಿ ಕೊಡುತ್ತಿತ್ತು. ಉಳಿದವರಿಗೆ ಚೆಕ್-ಇನ್ ತೆರೆಯುತ್ತಿದ್ದುದು 24 ಗಂಟೆ ಮೊದಲು. ಐದು ನಿಮಿಷ ತಡವಾದರೂ ಪಾಳಿ ಎಷ್ಟೋ ಹಿಂದಕ್ಕೆ ಬೀಳುತ್ತಿತ್ತು.

ಪಾಳಿ ಸಂಖ್ಯೆ ನೋಡಿ ಸೀಟು ಊಹಿಸುವುದಕ್ಕೆ ಒಂದು ಸರಳ ಲೆಕ್ಕವಿತ್ತು. 737ರಲ್ಲಿ ಓಣಿಯ ಎರಡೂ ಬದಿ ಮೂರು ಮೂರು ಸೀಟು. ಅಂದರೆ ಮೂರರಲ್ಲಿ ಎರಡು ಪಾಲು ಕಿಟಕಿ ಅಥವಾ ಐಲ್ (ಓಣಿ ಪಕ್ಕದ ಸೀಟು), ಒಂದು ಪಾಲು ನಡುವಿನದು. 143 ಸೀಟಿನ 737-700ರಲ್ಲಿ ನಡುವಿನದಲ್ಲದ ಸೀಟು ಸುಮಾರು 95. ಎ ಗುಂಪಿನ 60 ಕಳೆದರೆ ಬಿ 35ರವರೆಗಿನವರಿಗೆ ಕಿಟಕಿ ಅಥವಾ ಐಲ್ ಸಿಗಬೇಕು. 175 ಸೀಟಿನ 737-800 ಮತ್ತು ಮ್ಯಾಕ್ಸ್ 8ರಲ್ಲಿ ಅದೇ ಲೆಕ್ಕ ಬಿ 56ರವರೆಗೆ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ವೀಲ್‌ಚೇರ್‌ನವರು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದರು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿರುವ ಕುಟುಂಬದವರು ಎ ಮತ್ತು ಬಿ ನಡುವೆ ಹತ್ತುತ್ತಿದ್ದರು. ಇದೇ ವಿಮಾನದಲ್ಲಿ ಹಿಂದಿನ ಊರಿನಿಂದ ಬಂದು ಮುಂದಕ್ಕೂ ಹೋಗುವವರು ಒಳಗೇ ಕುಳಿತಿದ್ದು, ಉಳಿದವರು ಇಳಿದ ಕೂಡಲೇ ಒಳ್ಳೆಯ ಸೀಟಿಗೆ ಸರಿದುಕೊಳ್ಳುತ್ತಿದ್ದರು. ಎ 1 ಕೈಯಲ್ಲಿದ್ದರೂ ಮೊದಲ ಸಾಲು ಖಾಲಿ ಸಿಗದಿರುವುದಕ್ಕೆ ಇದೇ ಕಾರಣ.

ಅತಿ ಹೆಚ್ಚು ಜಗಳ ನಡೆಯುತ್ತಿದ್ದುದು ಸೀಟು ಹಿಡಿಯುವ ವಿಷಯಕ್ಕೆ. ಒಬ್ಬರು ಎ ಪಾಳಿಗೆ ಹಣ ಕೊಟ್ಟು ಒಳಗೆ ಹೋಗಿ, ಸಿ ಪಾಳಿಯ ಮೂವರಿಗೆ ಬ್ಯಾಗ್ ಇಟ್ಟು ಸಾಲನ್ನೇ ಕಾಯುತ್ತಿದ್ದರು. ಹಾಗೆ ಮಾಡಬಾರದೆಂಬ ನಿಯಮವೂ ಇರಲಿಲ್ಲ, ಮಾಡಬಹುದೆಂಬ ನಿಯಮವೂ ಇರಲಿಲ್ಲ. ನ್ಯಾಯವಾಗಿ ಹಣ ಕೊಟ್ಟವರಿಗೂ ಸಾಲಿನಲ್ಲಿ ತಾಳ್ಮೆಯಿಂದ ನಿಂತವರಿಗೂ ಇದರಿಂದ ಅನ್ಯಾಯವಾಗುತ್ತಿತ್ತು. ತನ್ನ ಪ್ರಯಾಣಿಕರಲ್ಲಿ ಶೇ 80ರಷ್ಟು ಮಂದಿ ಗೊತ್ತುಪಡಿಸಿದ ಸೀಟನ್ನೇ ಬಯಸುತ್ತಾರೆ ಎಂದು 2024ರ ಜುಲೈನಲ್ಲಿ ಕಂಪನಿಯೇ ಪ್ರಕಟಿಸಿ, ಬದಲಾವಣೆ ಘೋಷಿಸಿತು. ಯೂರೋಪಿನಲ್ಲಿ ಈಸಿಜೆಟ್ 2012ರಲ್ಲೂ ರಯಾನ್ಏರ್ 2014ರಲ್ಲೂ ಇದೇ ದಾರಿ ಹಿಡಿದಿದ್ದವು.

ಈಗ ಏನು ನೋಡಬೇಕು

ಬೋರ್ಡಿಂಗ್ ಪಾಸ್‌ನಲ್ಲಿ ಈಗ ಎರಡು ವಿಷಯ ಇರುತ್ತದೆ. ಒಂದು ಸೀಟು, ಉದಾಹರಣೆಗೆ 14ಸಿ. ಇನ್ನೊಂದು ಗುಂಪು, 1ರಿಂದ 8ರವರೆಗೆ ಯಾವುದಾದರೊಂದು. ಮೊದಲನೆಯದು ನೀವು ಎಲ್ಲಿ ಕೂರುತ್ತೀರಿ ಎಂದು ಹೇಳುತ್ತದೆ. ಎರಡನೆಯದು ಯಾವಾಗ ಒಳಗೆ ಹೋಗುತ್ತೀರಿ ಎಂದು ಹೇಳುತ್ತದೆ. ಸೀಟು ಗಟ್ಟಿಯಾಗಿದೆ ಎಂದು ಗುಂಪನ್ನು ಕಡೆಗಣಿಸುವವರೇ ಹೆಚ್ಚು. ಆದರೆ ತಲೆಯ ಮೇಲಿನ ಲಗೇಜ್ ಬಿನ್‌ಗೆ ಯಾರ ಹೆಸರೂ ಇಲ್ಲ, ಯಾರ ನಂಬರೂ ಇಲ್ಲ. ಓಪನ್ ಸೀಟಿಂಗ್ ಸೀಟಿನಿಂದ ಹೋಯಿತು, ಬಿನ್‌ನಲ್ಲಿ ಹಾಗೇ ಉಳಿಯಿತು.

ಬಿನ್ ಮೊದಲಿಗಿಂತ ಬೇಗ ತುಂಬಲು ಇನ್ನೊಂದು ಕಾರಣವೂ ಇದೆ. ಸೌತ್‌ವೆಸ್ಟ್‌ನಲ್ಲಿ ಎರಡು ಚೆಕ್-ಇನ್ ಬ್ಯಾಗ್ ಉಚಿತವಾಗಿದ್ದವು. 2025ರ ಮೇ 28ರಿಂದ ಬುಕ್ ಮಾಡಿದ ಹೆಚ್ಚಿನ ಟಿಕೆಟ್‌ಗಳಿಗೆ ಆಗ ಮೊದಲ ಬ್ಯಾಗಿಗೆ 35 ಡಾಲರ್, ಎರಡನೆಯದಕ್ಕೆ 45 ಡಾಲರ್ ಶುಲ್ಕ ಬಂತು. ಜನ ಸಹಜವಾಗಿಯೇ ಸಾಮಾನನ್ನು ಕೈಚೀಲಕ್ಕೆ ತುಂಬತೊಡಗಿದರು. ಟಿಕೆಟ್ ಕೊಳ್ಳುವ ದಿನದ ಶುಲ್ಕವನ್ನು ಕಂಪನಿಯ ಪುಟದಲ್ಲೇ ನೋಡಿಕೊಳ್ಳಿ.

ಟಿಕೆಟ್ ಕೊಳ್ಳುವಾಗ

ದರದ ಹೆಸರು ನಾಲ್ಕು: ಬೇಸಿಕ್, ಚಾಯ್ಸ್, ಚಾಯ್ಸ್ ಪ್ರಿಫರ್ಡ್, ಚಾಯ್ಸ್ ಎಕ್ಸ್‌ಟ್ರಾ. ಬೇಸಿಕ್ ಅಗ್ಗ, ಆದರೆ ಸೀಟನ್ನು ನೀವು ಆರಿಸುವುದಿಲ್ಲ; ಚೆಕ್-ಇನ್ ಹೊತ್ತಿಗೆ ಕಂಪ್ಯೂಟರ್ ಕೊಟ್ಟದ್ದೇ ಸೀಟು. ಚಾಯ್ಸ್‌ನಲ್ಲಿ ಬುಕ್ ಮಾಡುವಾಗಲೇ ಸಾಮಾನ್ಯ ಸೀಟು ಆರಿಸಬಹುದು. ಪ್ರಿಫರ್ಡ್ ಎಂದರೆ ಕಾಲಿಡುವ ಜಾಗ ಸಾಮಾನ್ಯ ಸೀಟಿನಷ್ಟೇ, ಆದರೆ ಸಾಲು ಮುಂದಿನದು. ಎಕ್ಸ್‌ಟ್ರಾದಲ್ಲಿ ಐದು ಇಂಚಿನವರೆಗೆ ಹೆಚ್ಚು ಜಾಗವಿರುವ ಸೀಟು, ಹತ್ತುವುದರಲ್ಲೂ ಮೊದಲ ಪಾಳಿ. ಬೇಸಿಕ್‌ನವರು ಸಾಮಾನ್ಯವಾಗಿ ಕೊನೆಯ ಗುಂಪುಗಳಲ್ಲಿ ಬರುತ್ತಾರೆ. ಬೇಕಿದ್ದರೆ ಹೊರಡುವ ಹಿಂದಿನ ದಿನ ಪ್ರಯಾರಿಟಿ ಬೋರ್ಡಿಂಗ್ (ಬೇಗ ಹತ್ತುವ ಅವಕಾಶ) ಅನ್ನು ಬೇರೆಯಾಗಿ ಕೊಳ್ಳಬಹುದು. ಕೈಚೀಲ ಒಂದು ಸಣ್ಣ ಬೆನ್ನುಚೀಲ ಮಾತ್ರವಾಗಿದ್ದರೆ ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ.

ವಯಸ್ಸಾದ ದಂಪತಿಗೆ ಬೇಸಿಕ್ ಕೊಳ್ಳಬೇಡಿ. ಉಳಿಯುವ ಹಣಕ್ಕಿಂತ ಬೇರೆ ಬೇರೆ ಸಾಲಿನಲ್ಲಿ ಕೂರುವ ಆತಂಕ ದೊಡ್ಡದು. ಇಬ್ಬರ ಟಿಕೆಟನ್ನೂ ಒಂದೇ ಕನ್ಫರ್ಮೇಷನ್ ನಂಬರಿನಲ್ಲಿ ಕೊಳ್ಳಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆದ ತಂದೆಯ ಹೆಸರು, ಊರಿನ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದರೆ ಟಿಕೆಟ್‌ನಲ್ಲೂ ಅದೇ ಬರಬೇಕು.

ಸೀಟಿನ ನಕ್ಷೆಯಲ್ಲಿ ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ಐಲ್, ಬಿ ಮತ್ತು ಇ ನಡುವಿನವು. ಪದೇ ಪದೇ ಶೌಚಾಲಯಕ್ಕೆ ಎದ್ದು ಹೋಗಬೇಕಾದವರಿಬ್ಬರಿಗೆ ಒಂದೇ ಸಾಲಿನ ಸಿ ಮತ್ತು ಡಿ ತುಂಬ ಅನುಕೂಲ. ನಡುವೆ ಓಣಿ ಮಾತ್ರ ಇರುತ್ತದೆ, ಯಾರನ್ನೂ ಎಬ್ಬಿಸಬೇಕಿಲ್ಲ. ಮೊದಲ ಸಾಲಿನಲ್ಲಿ ಎದುರಿಗೆ ಸೀಟಿಲ್ಲದ ಕಾರಣ ಕಾಲ ಬಳಿ ಚೀಲ ಇಡಲು ಆಗದು. 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವುದರಿಂದ, ಕಿಟಕಿ ಸೀಟು ಎಂಬ ಹೆಸರಿದ್ದರೂ ಪಕ್ಕದಲ್ಲಿ ಬರೀ ಗೋಡೆ ಇರುವ ಸೀಟೂ ಇರುತ್ತದೆ. ತುರ್ತು ಬಾಗಿಲಿನ ಸಾಲು ವಿಶಾಲ ಎಂದು ಹಿರಿಯರಿಗೆ ಅದನ್ನು ಆರಿಸಬೇಡಿ. ಅಲ್ಲಿ ಕೂರುವವರಿಗೆ 15 ವರ್ಷ ತುಂಬಿರಬೇಕು, ಭಾರದ ಬಾಗಿಲನ್ನು ತೆರೆಯುವ ಶಕ್ತಿ ಇರಬೇಕು, ಸಿಬ್ಬಂದಿ ಹೇಳುವುದು ಅರ್ಥವಾಗಬೇಕು. ಇಂಗ್ಲಿಷ್ ತಿಳಿಯದಿದ್ದರೆ ಕೊನೇ ಗಳಿಗೆಯಲ್ಲಿ ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ.

ಹಿಂದಿನ ದಿನ

ಚೆಕ್-ಇನ್ ಈಗಲೂ 24 ಗಂಟೆ ಮೊದಲು ತೆರೆಯುತ್ತದೆ, ಹೊರಡುವ ಊರಿನ ಗಡಿಯಾರದಂತೆ. ಮಗಳು ಬೆಂಗಳೂರಿನಲ್ಲಿದ್ದು ಅಪ್ಪನ ಟಿಕೆಟ್ ನೋಡಿಕೊಳ್ಳುತ್ತಿದ್ದರೆ ಲೆಕ್ಕ ಹೀಗೆ: ಫೆಬ್ರುವರಿ 10ರ ಬೆಳಿಗ್ಗೆ 7ಕ್ಕೆ ಡಲ್ಲಾಸ್‌ನಿಂದ ವಿಮಾನವಿದ್ದರೆ, ಇಲ್ಲಿ ಫೆಬ್ರುವರಿ 9ರ ಸಂಜೆ 6.30ಕ್ಕೆ ಚೆಕ್-ಇನ್ ತೆರೆಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಸಂಜೆ 5.30.

ಕೈಚೀಲದಲ್ಲಿ ತುಪ್ಪ, ಉಪ್ಪಿನಕಾಯಿ, ತೊಕ್ಕು ಇವೆಲ್ಲ ದ್ರವದ ಲೆಕ್ಕ. ಡಬ್ಬಿ 100 ಮಿ.ಲೀ. ಮೀರಿದರೆ ಭದ್ರತಾ ತಪಾಸಣೆಯಲ್ಲೇ ತೆಗೆಸುತ್ತಾರೆ. ಚಟ್ನಿಪುಡಿ, ಹುಳಿಪುಡಿ ಒಯ್ಯಬಹುದು, ಆದರೆ 350 ಮಿ.ಲೀ. ಅಳತೆಗಿಂತ ಹೆಚ್ಚಿದ್ದರೆ ಬಿಚ್ಚಿಸಿ ಬೇರೆಯಾಗಿ ಪರೀಕ್ಷಿಸಬಹುದು. ದೊಡ್ಡ ಡಬ್ಬಿಗಳು ಚೆಕ್-ಇನ್ ಬ್ಯಾಗಿಗೆ ಹೋಗಲಿ. ಹೊಸ ಕೈಚೀಲ ಕೊಳ್ಳುವುದಿದ್ದರೆ ಚಕ್ರ, ಹಿಡಿ ಸೇರಿ 22×14×9 ಇಂಚಿನೊಳಗಿನದನ್ನು ಕೊಳ್ಳಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಈ ಅಳತೆ ನಡೆಯುತ್ತದೆ.

ಗೇಟಿನಲ್ಲಿ, ವಿಮಾನದೊಳಗೆ

ಹೊರಡುವ ಸಮಯಕ್ಕಿಂತ ಸುಮಾರು ಅರ್ಧ ಗಂಟೆ ಮೊದಲು ಹತ್ತಿಸಲು ಶುರುಮಾಡುತ್ತಾರೆ. ಅಷ್ಟರೊಳಗೆ ಗೇಟಿನ ಎದುರು ಇರಬೇಕು. ಟಿಕೆಟ್‌ನಲ್ಲಿ ಬರೆದಿರುವುದು ವಿಮಾನ ಹೊರಡುವ ಸಮಯ, ಬಾಗಿಲು ಅದಕ್ಕೂ ಮೊದಲೇ ಮುಚ್ಚುತ್ತದೆ. ಗುಂಪಿನ ಸಂಖ್ಯೆ ಕೂಗಿದ ಮೇಲೆ ಎದ್ದರೆ ಸಾಕು. ಮುಂಚೆ ಹೋಗಿ ನಿಂತರೆ ಸಿಬ್ಬಂದಿ ಪಕ್ಕಕ್ಕೆ ನಿಲ್ಲಿಸಬಹುದು.

ನಡೆಯಲು, ನಿಲ್ಲಲು ಕಷ್ಟವಿರುವವರು ಬುಕ್ ಮಾಡುವಾಗಲೇ ವೀಲ್‌ಚೇರ್ ನೆರವು ಕೇಳಿ. ಗೇಟಿಗೆ ಬಂದ ಮೇಲೂ ಅಲ್ಲಿನ ಸಿಬ್ಬಂದಿಗೆ ಮತ್ತೊಮ್ಮೆ ತಿಳಿಸಿ, ಎಲ್ಲರಿಗಿಂತ ಮೊದಲು ಹತ್ತಿಸುತ್ತಾರೆ. ಇಂಗ್ಲಿಷ್ ಬಾರದವರ ಕೈಯಲ್ಲಿ ವೀಲ್‌ಚೇರ್ ನೆರವು ಬೇಕೆಂಬ ಆ ಒಂದು ಮಾತನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ತೋರಿಸಬಹುದು.

ಒಳಗೆ ಹೋಗುವಾಗ ನಿಮ್ಮ ಸಾಲು ತಲುಪುವ ಮೊದಲೇ ಬಿನ್‌ಗಳ ಮೇಲೆ ಕಣ್ಣಿರಲಿ. ನಿಮ್ಮ ಸಾಲಿನ ಮೇಲೆ ತುಂಬಿದ್ದರೆ ಅದಕ್ಕಿಂತ ಎರಡು ಮೂರು ಸಾಲು ಮುಂದೆ ಇಡಿ, ಹಿಂದೆ ಇಡಬೇಡಿ. ಹಿಂದೆ ಇಟ್ಟರೆ ಇಳಿಯುವಾಗ ಇಡೀ ವಿಮಾನದ ಜನ ಎದುರಿನಿಂದ ಬರುತ್ತಿರುತ್ತಾರೆ, ಕೊನೆಯವರು ಇಳಿಯುವ ತನಕ ಕಾಯಬೇಕು. ಚಕ್ರದ ಬ್ಯಾಗನ್ನು ಚಕ್ರ ಒಳಗೆ ಹೋಗುವಂತೆ ತಳ್ಳಿ. ಬಿನ್ ಆಳವಾಗಿದ್ದರೆ ಪುಸ್ತಕ ಜೋಡಿಸಿದಂತೆ ಬದಿಯ ಮೇಲೆ ನಿಲ್ಲಿಸಿ. ಮಲಗಿಸಿ ಇಟ್ಟರೆ ಇಬ್ಬರ ಜಾಗ ಒಬ್ಬರಿಗೇ ಹೋಗುತ್ತದೆ. ಸ್ವೆಟರ್, ಸಣ್ಣ ಚೀಲ, ಊಟದ ಡಬ್ಬಿ ಎದುರು ಸೀಟಿನ ಕೆಳಗೆ.

ಕೊನೆಯ ಗುಂಪಿನವರಿಗೆ ಗೇಟಿನಲ್ಲೇ ‘ಬಿನ್ ತುಂಬಿದೆ, ಬ್ಯಾಗ್ ಕೆಳಗೆ ಹಾಕುತ್ತೇವೆ’ ಎನ್ನಬಹುದು. ವಾದ ಮಾಡಿ ಉಪಯೋಗವಿಲ್ಲ. ಆದರೆ ಚೀಟಿ ಕಟ್ಟುವ ಮೊದಲು ಬ್ಯಾಗ್ ತೆರೆದು ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ, ಒಡವೆ, ಪವರ್ ಬ್ಯಾಂಕ್ ತೆಗೆದುಕೊಳ್ಳಿ. ಪವರ್ ಬ್ಯಾಂಕನ್ನು ಕೆಳಗಿನ ಲಗೇಜ್ ಕೋಣೆಗೆ ಹಾಕುವಂತೆಯೇ ಇಲ್ಲ, ಬೆಂಕಿ ಹತ್ತಿದರೆ ಅಲ್ಲಿ ಯಾರೂ ನೋಡುವವರಿಲ್ಲ. ಸೌತ್‌ವೆಸ್ಟ್‌ನಲ್ಲಿ 2025ರ ಮೇ 28ರಿಂದ, ಬಳಸುತ್ತಿರುವ ಪವರ್ ಬ್ಯಾಂಕ್ ಕಣ್ಣಿಗೆ ಕಾಣುವಂತೆ ಇರಬೇಕೆಂಬ ನಿಯಮವೂ ಇದೆ. ಇವನ್ನೆಲ್ಲ ಮೊದಲೇ ಒಂದು ಬಟ್ಟೆಚೀಲಕ್ಕೆ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟಿದ್ದರೆ, ಗೇಟಿನಲ್ಲಿ ಹಾಗೇ ಎತ್ತಿಕೊಳ್ಳಬಹುದು.

ಹೀಗೆ ಗೇಟಿನಲ್ಲಿ ಕೊಟ್ಟ ಬ್ಯಾಗ್ ಎಲ್ಲಿ ಸಿಗುತ್ತದೆ ಎಂದು ಚೀಟಿಯನ್ನು ನೋಡಿ ಕೇಳಿಕೊಳ್ಳಿ. ಮಗುವಿನ ತಳ್ಳುಗಾಡಿ, ಸ್ವಂತ ವೀಲ್‌ಚೇರ್ ವಿಮಾನದ ಬಾಗಿಲಿಗೇ ಬರುತ್ತವೆ. ಸೂಟ್‌ಕೇಸು ಹಾಗಲ್ಲ, ಅದು ಕೊನೆಯ ಊರಿನ ಲಗೇಜ್ ಬೆಲ್ಟಿಗೆ ಹೋಗುತ್ತದೆ. ನಡುವೆ ಡೆನ್ವರ್‌ನಲ್ಲೋ ಲಾಸ್ ವೇಗಸ್‌ನಲ್ಲೋ ವಿಮಾನ ಬದಲಿಸಿ ನಾಲ್ಕು ಗಂಟೆ ಕಾಯುವುದಿದ್ದರೆ, ಆ ಹೊತ್ತಿನ ಬಿ.ಪಿ. ಮಾತ್ರೆ ಕೈಯಲ್ಲೇ ಇರಬೇಕು.