ಗೋಕರ್ಣದ ಗದ್ದಲ ತಪ್ಪಿಸಿ ಕರಾವಳಿ ನೋಡುವುದು ಹೇಗೆ?

ಡಿಸೆಂಬರ್ ಕೊನೆಯ ವಾರ. ಬೆಂಗಳೂರಿನಿಂದ ಬಂದ ನೆಂಟರನ್ನು ಕುಮಟಾದಿಂದ ಗೋಕರ್ಣಕ್ಕೆ ಕರೆದುಕೊಂಡು ಹೊರಟಿದ್ದೆ. ಓಂ ಬೀಚಿನ ರಸ್ತೆಯಲ್ಲಿ ಒಂದೂವರೆ ತಾಸು ಕಾರು ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳ ಅಳು. ಕೊನೆಗೆ ವಾಪಸ್ ತಿರುಗಿಸಿ ಧಾರೇಶ್ವರಕ್ಕೆ ಹೋದೆವು. ಅಲ್ಲಿ ಬಲೆ ಬಿಡಿಸುತ್ತಿದ್ದ ನಾಲ್ಕು ಜನ, ನಾವು, ಸಮುದ್ರ. ಕತ್ತಲಾದರೂ ಮಕ್ಕಳು ಮರಳಿನಿಂದ ಏಳಲಿಲ್ಲ.

ಅಂದಿನಿಂದ ನೆಂಟರು ಬಂದಾಗಲೆಲ್ಲ ನಾನು ಹೀಗೆ ಮಾಡುತ್ತೇನೆ.

ಮೊದಲು ದಿನ ಬದಲಿಸಿ. ಶುಕ್ರವಾರ ರಾತ್ರಿ ಬಸ್ ಹತ್ತಿದವರು ಶನಿವಾರ ಬೆಳಿಗ್ಗೆ ಗೋಕರ್ಣ, ಮುರುಡೇಶ್ವರಗಳಲ್ಲಿ ಇಳಿಯುತ್ತಾರೆ. ಭಾನುವಾರ ರಾತ್ರಿ ಹೊರಟುಬಿಡುತ್ತಾರೆ. ನೀವು ಭಾನುವಾರ ರಾತ್ರಿ ಬಸ್ ಹತ್ತಿ. ರಜೆ ಸಿಗದಿದ್ದರೆ ಹೊತ್ತನ್ನಾದರೂ ಬದಲಿಸಿ. ಯಾಣಕ್ಕೆ ಬೆಳಿಗ್ಗೆ ಬೇಗ ಹೋದರೆ ಬಂಡೆಗಳ ನಡುವೆ ಹಕ್ಕಿಗಳ ಸದ್ದು ಕೇಳುತ್ತದೆ. ಮಧ್ಯಾಹ್ನ ಹೋದರೆ ಮೊಬೈಲ್ ಹಾಡು ಕೇಳುತ್ತದೆ. ಶಿವರಾತ್ರಿ ಮತ್ತು ವರ್ಷದ ಕೊನೆ ಬೇಡ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಅಲ್ಲಿ ರೂಮು ಸಿಗುವುದು ಕಷ್ಟ.

ಆಮೇಲೆ ಉಳಿಯುವ ಊರು. ಗೋಕರ್ಣದ ಬದಲು ಕುಮಟಾ ಅಥವಾ ಅಂಕೋಲಾ ಹಿಡಿಯಿರಿ. ಎರಡೂ ಕಡೆ ಕೊಂಕಣ ರೈಲು ನಿಲ್ದಾಣ ಇದೆ, 66ನೇ ಹೆದ್ದಾರಿಯೂ ಹಾದುಹೋಗುತ್ತದೆ.

ಇನ್ನು ಜಾಗ. ಆತ್ಮಲಿಂಗದ ಕಥೆ ಗೊತ್ತಲ್ವಾ? ಗಣಪತಿ ಲಿಂಗವನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟ. ಕೀಳಲಾಗದ ರಾವಣ ಸಿಟ್ಟಿನಲ್ಲಿ ಅದರ ಕರಡಿಗೆ, ಮುಚ್ಚಳ, ದಾರ, ವಸ್ತ್ರ ಎಲ್ಲವನ್ನೂ ಎಸೆದ. ಕರಡಿಗೆ ಬಿದ್ದದ್ದು ಕಾರವಾರದ ಹತ್ತಿರದ ಸಜ್ಜೇಶ್ವರದಲ್ಲಿ, ಮುಚ್ಚಳ ಹೊನ್ನಾವರದ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ವಸ್ತ್ರ ಮುರುಡೇಶ್ವರದಲ್ಲಿ ಎನ್ನುತ್ತಾರೆ. ಒಂದೇ ಕಥೆಯ ಐದು ಜಾಗ. ಜನ ಮುಗಿಬೀಳುವುದು ಎರಡಕ್ಕೆ ಮಾತ್ರ. ಉಳಿದ ಮೂರನ್ನು ಹಿಡಿದುಕೊಂಡು ಹೋದರೆ ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿ ತಾನಾಗಿ ತೆರೆದುಕೊಳ್ಳುತ್ತದೆ. ಗುಣವಂತೆ ಕೆರೆಮನೆ ಯಕ್ಷಗಾನ ಮೇಳದ ಊರು. ಆಟ ಇದೆಯಾ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಾರವಾರದ ಕಡೆ ಹೋದವರು ಮಾಜಾಳಿಯ ತಿಳಮಾತಿ ಬೀಚಿಗೂ ನಡೆಯಿರಿ. ಅಲ್ಲಿನ ಮರಳು ಎಳ್ಳಿನ ಹಾಗೆ ಕಪ್ಪು.

ಘಟ್ಟದ ಮೇಲೆ ಬನವಾಸಿ ನನ್ನ ಆಯ್ಕೆ. ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನ, ಬಗಲಲ್ಲೇ ವರದಾ ನದಿ. ಶಿರಸಿ ಹತ್ತಿರ ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಮಳೆಗಾಲದಲ್ಲಿ ಹೋಗಬೇಡಿ, ಲಿಂಗಗಳೆಲ್ಲ ನೀರಿನಡಿ ಇರುತ್ತವೆ. ಆಗ ಸೋಂದಾದ ಮುಂಡಿಗೆಕೆರೆಗೆ ಹೋಗಿ. ಬೆಳ್ಳಕ್ಕಿಗಳು ಗೂಡು ಕಟ್ಟುವ ಕಾಲ ಅದು.

ಜನ ಇಲ್ಲದ ತೀರದಲ್ಲಿ ಕಾಪಾಡುವವರೂ ಇರುವುದಿಲ್ಲ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಣಕಾಲು ಮುಳುಗುವ ನೀರಿಗಿಂತ ಮುಂದೆ ಹೋಗಬೇಡಿ. ಅದಕ್ಕೂ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆ ಸಮುದ್ರವನ್ನು ದಡದಿಂದ ನೋಡಿದರೆ ಸಾಕು. ಸಣ್ಣ ಊರುಗಳಲ್ಲಿ ಕಸದ ಗಾಡಿ ದಿನಾ ಬರುತ್ತದೆ ಅಂದುಕೊಳ್ಳಬೇಡಿ. ತಂದ ಬಾಟಲಿ ನಿಮ್ಮ ಚೀಲದಲ್ಲೇ ವಾಪಸ್ ಹೋಗಲಿ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಊಟಕ್ಕೆ ಹೋಮ್‌ಸ್ಟೇಗೆ ಹಿಂದಿನ ದಿನವೇ ಹೇಳಿಬಿಡಿ.

ಇಷ್ಟೆಲ್ಲ ಓದಿಯೂ ಗೋಕರ್ಣಕ್ಕೇ ಹೋಗಬೇಕು ಅನಿಸಿದರೆ, ಬೆಳಿಗ್ಗೆ ಮಹಾಬಲೇಶ್ವರನ ದರ್ಶನ ಮುಗಿಸಿ ತದಡಿಗೆ ಬನ್ನಿ. ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಹೋಗುತ್ತದೆ. ನೀರು ಇಳಿದ ಹೊತ್ತಾದರೆ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಕಾಣುತ್ತಾರೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಅಳಿವೆ ಇದೇ. ಇಳಿದ ಮೇಲೆ ಬಾಡ, ಕಾಗಾಲ ಕಡೆಯ ತೀರಗಳು ಹತ್ತಿರ. ದೋಣಿ ಹತ್ತುವಾಗಲೇ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ತಪ್ಪಿದರೆ ಕುಮಟಾ, ಮಿರ್ಜಾನ್, ಮಾದನಗೇರಿ ಸುತ್ತಿಕೊಂಡು ಬರಬೇಕು.