ಕ್ರೆಡಿಟ್ ಕಾರ್ಡ್ ಮುಚ್ಚಿಸಬೇಕೆ? ಮೊದಲು ಲಿಮಿಟ್ ಲೆಕ್ಕ ಹಾಕಿ

ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದರೆ ಖಾತೆ ಮುಚ್ಚಿದಂತಾಗುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಅದು ಜೀವಂತವಾಗಿಯೇ ಇರುತ್ತದೆ, ವರ್ಷ ತುಂಬಿದ ಕೂಡಲೇ ವಾರ್ಷಿಕ ಶುಲ್ಕ ಬೀಳುತ್ತದೆ. ಕಾರ್ಡೇ ಇಲ್ಲವಲ್ಲ ಎಂದು ಬಿಲ್ ನೋಡದೆ ಬಿಟ್ಟರೆ ತಡಪಾವತಿ ದಂಡ, ಬಡ್ಡಿ, ಕೊನೆಗೆ ನಿಮ್ಮ ಸಾಲದ ಚರಿತ್ರೆ ದಾಖಲಾಗುವ ಕ್ರೆಡಿಟ್ ವರದಿಯಲ್ಲಿ ಕಪ್ಪುಚುಕ್ಕೆ. ಸಾಲ ಕೊಡುವವರು ನೋಡುವ ಕ್ರೆಡಿಟ್ ಸ್ಕೋರ್ ಕೆಡುವುದು ಹೆಚ್ಚಾಗಿ ಕಾರ್ಡ್ ಮುಚ್ಚಿದ್ದರಿಂದಲ್ಲ, ಅರ್ಧಂಬರ್ಧ ಮುಚ್ಚಿದ್ದರಿಂದ ಅಥವಾ ಮುಚ್ಚಬಾರದ ಕಾರ್ಡನ್ನು ಮುಚ್ಚಿದ್ದರಿಂದ.

ಯಾವ ಕಾರ್ಡ್ ಹೋಗಬೇಕು?

ಎಲ್ಲ ಕಾರ್ಡುಗಳ ಒಟ್ಟು ಲಿಮಿಟ್‌ನಲ್ಲಿ ಎಷ್ಟು ಭಾಗ ಬಳಸುತ್ತಿದ್ದೀರಿ ಎಂಬುದು ಸ್ಕೋರ್‌ ಮೇಲೆ ದೊಡ್ಡ ಪರಿಣಾಮ ಬೀರುತ್ತದೆ. ಇದು ಶೇ 30ರ ಒಳಗಿದ್ದರೆ ಒಳ್ಳೆಯದು ಎನ್ನುವುದು ಈ ಕ್ಷೇತ್ರದವರ ರೂಢಿಯ ಮಾತು. ನಿಮ್ಮ ಬಳಿ ₹2 ಲಕ್ಷ, ₹1 ಲಕ್ಷ ಮತ್ತು ₹50 ಸಾವಿರ ಲಿಮಿಟ್‌ನ ಮೂರು ಕಾರ್ಡುಗಳಿವೆ, ತಿಂಗಳಿಗೆ ಎಲ್ಲ ಸೇರಿ ₹70 ಸಾವಿರ ಖರ್ಚಾಗುತ್ತದೆ ಎಂದುಕೊಳ್ಳಿ. ಬಳಕೆ ಶೇ 20. ಶುಲ್ಕ ಜಾಸ್ತಿ ಎಂದು ₹2 ಲಕ್ಷದ ಕಾರ್ಡನ್ನು ಮುಚ್ಚಿದರೆ ಉಳಿಯುವ ಲಿಮಿಟ್ ₹1.5 ಲಕ್ಷ. ಖರ್ಚು ಒಂದು ರೂಪಾಯಿಯೂ ಹೆಚ್ಚಿಲ್ಲ, ಬಳಕೆ ಮಾತ್ರ ಸುಮಾರು ಶೇ 47ಕ್ಕೆ ಜಿಗಿಯಿತು. ಅದರ ಬದಲು ₹50 ಸಾವಿರದ ಕಾರ್ಡನ್ನು ಮುಚ್ಚಿದ್ದರೆ ಶೇ 23ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು.

ದೊಡ್ಡ ಲಿಮಿಟ್‌ನ ಕಾರ್ಡನ್ನೇ ಬಿಡಬೇಕಾದರೆ, ಉಳಿಯುವ ಕಾರ್ಡಿನ ಲಿಮಿಟ್ ಏರಿಸಿಕೊಂಡು ಆಮೇಲೆ ಮುಚ್ಚಿಸಿ. ಬಿಲ್ ತಯಾರಾಗುವ ದಿನಕ್ಕೆ ಮೊದಲೇ ಒಂದಷ್ಟು ಹಣ ಕಟ್ಟುತ್ತಾ ಬಂದರೂ ವರದಿಯಲ್ಲಿ ಕಾಣುವ ಬಾಕಿ ಇಳಿಯುತ್ತದೆ.

ಇನ್ನು ಹಳೆಯ ಕಾರ್ಡ್. ಹತ್ತು ವರ್ಷದಿಂದ ತಪ್ಪದೆ ಬಿಲ್ ಕಟ್ಟಿದ ಖಾತೆಗೆ ಬೆಲೆ ಇದೆ. ಮುಚ್ಚಿದ ತಕ್ಷಣ ಆ ಚರಿತ್ರೆಯೇನೂ ಅಳಿಸಿಹೋಗುವುದಿಲ್ಲ, ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದರೂ ಎರಡು ಕಾರ್ಡುಗಳಲ್ಲಿ ಒಂದನ್ನು ಆರಿಸಬೇಕಾದರೆ ಹೊಸದನ್ನು ಬಿಡುವುದೇ ಲೇಸು. ಗೃಹಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರಂತೂ ಸಾಲ ಕೈಸೇರುವವರೆಗೆ ಯಾವ ಕಾರ್ಡನ್ನೂ ಮುಟ್ಟಬೇಡಿ.

ವಾರ್ಷಿಕ ಶುಲ್ಕವೊಂದೇ ತಕರಾರಾಗಿದ್ದರೆ, ಶುಲ್ಕ ಮನ್ನಾ ಮಾಡಿ ಅಥವಾ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡಿ ಎಂದು ಮೊದಲು ಕೇಳಿ. ಮುಚ್ಚುತ್ತೇನೆ ಎಂದಾಗ ತಾನಾಗಿಯೇ ರಿಯಾಯಿತಿ ಹೇಳುವ ಬ್ಯಾಂಕುಗಳು ಕಡಿಮೆಯಿಲ್ಲ. ಒಪ್ಪುವುದಾದರೆ ಇ–ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ.

ಅರ್ಜಿಗೆ ಮೊದಲು

ಕಾರ್ಡಿಗೆ ಜೋಡಿಸಿದ ಆಟೊ–ಪೇಗಳನ್ನೆಲ್ಲ ಬೇರೆಡೆಗೆ ಬದಲಿಸಿ. ಒಟಿಟಿ ಚಂದಾ ನಿಂತರೆ ಒಂದು ಸಂಜೆ ಬೇಸರವಾದೀತು, ವಿಮೆ ಕಂತು ನಿಂತರೆ ಪಾಲಿಸಿಯೇ ಲ್ಯಾಪ್ಸ್ ಆದೀತು. ವಿದ್ಯುತ್ ಬಿಲ್, ಫಾಸ್ಟ್ಯಾಗ್, ಯುಪಿಐಗೆ ಜೋಡಿಸಿದ ರುಪೇ ಕಾರ್ಡ್, ಇವನ್ನೂ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ಕೊಂಡು ಹಿಂದಿರುಗಿಸಿದ ವಸ್ತುವಿನ ಹಣ ಬರಬೇಕಿದ್ದರೆ ಅದು ಬರುವವರೆಗೆ ಕಾಯಿರಿ. ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಿಬಿಡಿ, ಖಾತೆಯೊಂದಿಗೆ ಅವೂ ಹೋಗುವುದೇ ಹೆಚ್ಚು. ಮನೆಯವರ ಹೆಸರಲ್ಲಿ ಆ್ಯಡ್–ಆನ್ ಕಾರ್ಡ್ ಇದ್ದರೆ ಅದೂ ಜೊತೆಗೇ ನಿಲ್ಲುತ್ತದೆ. ಮೊದಲೇ ಹೇಳಿಬಿಡಿ, ಅಂಗಡಿಯ ಕೌಂಟರ್‌ ಮುಂದೆ ಗೊತ್ತಾಗುವುದು ಬೇಡ. ಇಎಂಐ ಬಾಕಿ ಇದ್ದರೆ ಅಸಲಿನ ಜೊತೆ ಅವಧಿಪೂರ್ವ ಪಾವತಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳಬಹುದು. ಎರಡು ಮೂರು ಕಂತು ಮಾತ್ರ ಉಳಿದಿದ್ದರೆ ಮುಗಿಸಿಯೇ ಮುಚ್ಚಿಸುವುದು ಅಗ್ಗ.

ಹೆಚ್ಚಿನವರು ಎಡವುವುದು ಬಾಲದಂತೆ ಉಳಿಯುವ ಬಡ್ಡಿಯಲ್ಲಿ. ₹40 ಸಾವಿರ ಬಾಕಿಯನ್ನು ಹಿಂದಿನ ತಿಂಗಳಿನಿಂದ ಎಳೆದುಕೊಂಡು ಬಂದಿದ್ದೀರಿ, ಬಡ್ಡಿ ತಿಂಗಳಿಗೆ ಶೇ 3.5. ಬಿಲ್ 10ರಂದು ತಯಾರಾಯಿತು, 28ರಂದು ಪೂರ್ತಿ ಕಟ್ಟಿದಿರಿ. ಆ್ಯಪ್‌ನಲ್ಲಿ ಬಾಕಿ ಸೊನ್ನೆ. ಆದರೆ ನಡುವಿನ 18 ದಿನಗಳ ಬಡ್ಡಿ ಸುಮಾರು ₹828, ಜಿಎಸ್‌ಟಿ ಸೇರಿ ₹978ರಷ್ಟು, ಮುಂದಿನ ಬಿಲ್‌ನಲ್ಲಿ ಬರುತ್ತದೆ. ಕಾರ್ಡ್ ಮುಗಿದ ಕಥೆ ಎಂದು ನೀವು ಆ್ಯಪ್ ತೆಗೆದುಹಾಕಿದ್ದರೆ ಆ ಬಿಲ್ ನೋಡುವವರಾರು? ಗಡುವು ದಾಟಿ ಮೂರು ದಿನ ಕಳೆದ ಮೇಲೆ ಬ್ಯಾಂಕ್ ಅದನ್ನು ಬಾಕಿ ಎಂದು ಕ್ರೆಡಿಟ್ ವರದಿ ತಯಾರಿಸುವ ಸಂಸ್ಥೆಗಳಿಗೆ ತಿಳಿಸಬಹುದು. ಆದ್ದರಿಂದ ಬಳಕೆ ನಿಲ್ಲಿಸಿ, ಪೂರ್ತಿ ಹಣ ಕಟ್ಟಿ, ಸೊನ್ನೆಯ ಬಿಲ್ ಒಂದು ಬರುವವರೆಗೆ ತಾಳಿ.

ಅರ್ಜಿ ಮತ್ತು ಏಳು ದಿನ

ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕಸ್ಟಮರ್ ಕೇರ್, ಇ–ಮೇಲ್, ನೆಟ್‌ಬ್ಯಾಂಕಿಂಗ್, ಆ್ಯಪ್ ಮುಂತಾದ ದಾರಿಗಳಲ್ಲಿ ಅರ್ಜಿ ಸ್ವೀಕರಿಸಬೇಕು. ಅಂಚೆಯಲ್ಲೇ ಕಳಿಸಿ ಎಂದು ಪಟ್ಟು ಹಿಡಿಯುವಂತಿಲ್ಲ. ನಮ್ಮ ಸಲಹೆ ಇ–ಮೇಲ್: ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮುಚ್ಚಬೇಕೆಂಬ ಸ್ಪಷ್ಟ ಮಾತು, ಕಾರ್ಡಿನಲ್ಲಿ ನಿಮ್ಮದೇ ಹಣ ಹೆಚ್ಚುವರಿಯಾಗಿ ಜಮೆ ಇದ್ದರೆ ಅದು ಬರಬೇಕಾದ ಉಳಿತಾಯ ಖಾತೆಯ ವಿವರ, ಇಷ್ಟು ಸಾಕು. ಫೋನ್ ಮಾಡುವುದಾದರೆ ಕಾರ್ಡಿನ ಹಿಂಬದಿಯ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ಹುಡುಕಿದ ‘ಕಸ್ಟಮರ್ ಕೇರ್’ ವಂಚಕರದ್ದಾಗಿರಬಹುದು. ಸಿವಿವಿ, ಪಿನ್ ಯಾರಿಗೂ ಹೇಳಬೇಡಿ. ಅರ್ಜಿ ದಾಖಲಾದ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ಖಾತೆ ಮುಚ್ಚುವವರೆಗೆ ದಿನಕ್ಕೆ ₹500ರಂತೆ ಬ್ಯಾಂಕ್ ನಿಮಗೆ ಕೊಡಬೇಕು. ಈ ನಿಯಮವನ್ನು ಪತ್ರದಲ್ಲೇ ಒಂದು ಸಾಲು ನಮೂದಿಸಿದರೆ ಕಡತ ಬೇಗ ಸರಿಯುತ್ತದೆ. ಮುಚ್ಚಿದ ದೃಢೀಕರಣ ಬಂದ ಮೇಲೆ ಬಾಕಿ ಏನೂ ಇಲ್ಲವೆಂಬ ‘ನೋ ಡ್ಯೂ’ ಪತ್ರ ಕೇಳಿ ಪಡೆಯಿರಿ. ಚಿಪ್ ತುಂಡಾಗುವಂತೆ ಕಾರ್ಡ್ ಕತ್ತರಿಸುವುದು ಆಗ, ಮೊದಲಲ್ಲ.

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕೇ ಮುಚ್ಚಬಹುದು. ತಿಳಿಸಿದ 30 ದಿನಗಳಲ್ಲಿ ನೀವು ಉತ್ತರಿಸದಿದ್ದರೆ ಸಾಕು. ಲಿಮಿಟ್‌ಗಾಗಿ ಉಳಿಸಿಕೊಂಡ ಕಾರ್ಡಿನಲ್ಲಿ ಆಗಾಗ ಒಂದು ಮೊಬೈಲ್ ರೀಚಾರ್ಜ್ ಆದರೂ ಮಾಡುತ್ತಿರಿ.

ವರದಿ ನೋಡುವ ತನಕ ಮುಗಿದಿಲ್ಲ

ಎರಡು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆಯಿರಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆ ಕಾರ್ಡಿನ ಮುಂದೆ ‘ಕ್ಲೋಸ್ಡ್’ ಎಂದಿರಬೇಕು, ಬಾಕಿ ಸೊನ್ನೆ ಇರಬೇಕು. ‘ಸೆಟಲ್ಡ್’ ಎಂದಿದ್ದರೆ ಎಚ್ಚರ. ಸಾಲದಲ್ಲಿ ಒಂದು ಭಾಗ ಮಾತ್ರ ಕಟ್ಟಿ ರಾಜಿ ಮಾಡಿಕೊಂಡವರಿಗೆ ಬೀಳುವ ಮುದ್ರೆ ಅದು, ಮುಂದೆ ಸಾಲ ಕೊಡುವವರ ಹುಬ್ಬು ಗಂಟಿಕ್ಕುವಂತೆ ಮಾಡುತ್ತದೆ. ಪೂರ್ತಿ ಕಟ್ಟಿಯೂ ಹಾಗೆ ನಮೂದಾಗಿದ್ದರೆ ನೋ ಡ್ಯೂ ಪತ್ರ ಲಗತ್ತಿಸಿ ಕ್ರೆಡಿಟ್ ಸಂಸ್ಥೆಗೂ ಬ್ಯಾಂಕಿಗೂ ತಕರಾರು ಸಲ್ಲಿಸಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100 ಪರಿಹಾರ ನಿಮಗೆ ಸಲ್ಲಬೇಕು. ಬ್ಯಾಂಕ್ 30 ದಿನ ಕಳೆದರೂ ಸುಮ್ಮನಿದ್ದರೆ ಅಥವಾ ಅದರ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಆ ಬ್ಯಾಂಕಿನ ದೂರುಗಳ ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ.